ಅಡವಿಗೆ ಹೋದ ಬಳೆ, ಗೂಡಿಗೆ ಬಿದ್ದ ಗಡಿಯಾರ: ‘ಹಾಕ್’ ಪದದ ಹಿಂದೆ ಒಂದು ಸುತ್ತು

ಚಿಕ್ಕವನಿದ್ದಾಗ ಅಮ್ಮನ ಬಳೆ ಕಾಡಿಗೆ ಹೋಗಿದೆ ಅಂತ ನಂಬಿದ್ದೆ. ಜೂನ್ ತಿಂಗಳು, ಶಾಲೆ ಶುರುವಾಗುವ ಹೊತ್ತು. ಅಪ್ಪ ಜಗಲಿ ಮೇಲೆ ಕೂತು ಅಜ್ಜಿಗೆ ಮೆಲ್ಲಗೆ ಹೇಳುತ್ತಿದ್ದರು: “ಬಳೆ ಅಡವಿಗೆ ಇಟ್ ಬಂದೆ ಕಣವ್ವ.” ನನಗೆ ಗೊತ್ತಿದ್ದ ಅಡವಿ ಒಂದೇ, ಹುಲಿ ಇರುವಂಥದ್ದು. ಅಷ್ಟು ದೂರ ಹೋಗಿ ಬಳೆ ಇಟ್ಟು ಬರುವ ಅಗತ್ಯ ಏನಿತ್ತೋ ತಿಳಿಯಲಿಲ್ಲ. ಕೇಳಿದರೆ ಬೈಯುತ್ತಾರೆ ಅನ್ನುವುದು ಮಾತ್ರ ಅವರ ದನಿಯಲ್ಲೇ ಗೊತ್ತಾಗಿತ್ತು.

ಅಡವಿ ಅನ್ನುವುದಕ್ಕೆ ‘ಗೆ’ ಸೇರಿಸಿದರೆ ‘ಅಡವಿಗೆ’. ಅಡವು ಅನ್ನುವುದಕ್ಕೆ ಸೇರಿಸಿದರೂ ‘ಅಡವಿಗೆ’. ವ್ಯಾಕರಣ ಮಾಡಿದ ತಮಾಷೆ ಅಷ್ಟೇ. ಆದರೆ ಅಡ ಇಡುವ ವ್ಯವಹಾರಕ್ಕೆ ಬೇರೆ ಬೇರೆ ಭಾಷೆಗಳಲ್ಲಿ ಇರುವ ಪದಗಳನ್ನು ನೋಡುತ್ತ ಹೋದರೆ, ನನ್ನ ಆ ತಪ್ಪು ತಿಳಿವಳಿಕೆ ಅಷ್ಟೇನೂ ದೊಡ್ಡ ತಪ್ಪಲ್ಲ ಅನ್ನಿಸುತ್ತದೆ. ಆ ಪದಗಳೂ ಇಟ್ಟ ವಸ್ತುವನ್ನು ಎಲ್ಲೋ ಕರೆದುಕೊಂಡು ಹೋಗಿ ಕೂರಿಸುತ್ತವೆ. ಕಾಡಿಗಲ್ಲ, ಜೈಲಿಗೆ.

ಈ ಮಾತಿಗೆ ಒಳ್ಳೆಯ ಸಾಕ್ಷಿ ಇಂಗ್ಲಿಷಿನ ‘ಹಾಕ್’. ಅಮೆರಿಕದ ಆಡುಮಾತಿನಲ್ಲಿ ಗಡಿಯಾರ, ಗಿಟಾರ್, ಉಂಗುರ ಏನನ್ನಾದರೂ ಅಡ ಇಟ್ಟರೆ ಅದನ್ನು ‘ಹಾಕ್’ ಮಾಡಿದ ಅನ್ನುತ್ತಾರೆ. ಅಡ ಇಟ್ಟುಕೊಳ್ಳುವ ಅಂಗಡಿ ‘ಹಾಕ್ ಶಾಪ್’. ಕುತ್ತಿಗೆವರೆಗೆ ಸಾಲ ಮಾಡಿಕೊಂಡವನು ‘ಇನ್ ಹಾಕ್’. ಕನ್ನಡದಲ್ಲಿ ಬರೆದರೆ ಇದು ‘ಹಾಕು’ ಅಂತ ಗದರಿಸಿದ ಹಾಗೆ ಕಾಣುತ್ತದೆ, ಅಲ್ವಾ? ಇನ್ನೊಂದು ಗೊಂದಲವೂ ಇದೆ. ಗಿಡುಗ ಪಕ್ಷಿಯೂ ನಮ್ಮ ಲಿಪಿಯಲ್ಲಿ ಹಾಕ್. ಬೀದಿಯಲ್ಲಿ ಮಾರುವವನು ಹಾಕರ್. ಕುದುರೆಯ ಹಿಂಗಾಲಿನ ಕೀಲು ಹಾಕ್. ಜರ್ಮನಿಯ ಹೋಖ್‌ಹೈಮ್ ಊರಿನ ಹೆಸರಿನಿಂದ ಬಂದ ಬಿಳಿ ವೈನ್ ಕೂಡ ಹಾಕ್. ಇವು ಯಾವುದಕ್ಕೂ ನಮ್ಮ ಹಾಕ್‌ಗೂ ನೆಂಟಸ್ತನ ಇಲ್ಲ. ಇಂಗ್ಲಿಷ್ ಬಲ್ಲವರೇ ಗಡಿಯಾರ ಅಡ ಇಟ್ಟೆ ಅನ್ನಲು ಹೋಗಿ ಬೀದಿಯಲ್ಲಿ ಮಾರಿದೆ ಅಂತ ಬರೆದುಬಿಡುವುದು ಉಂಟು.

ಬಹುತೇಕ ನಿಘಂಟುಗಳು ಈ ಪದದ ಬೇರನ್ನು ಡಚ್ ಭಾಷೆಯ ‘ಹೊಕ್’ನಲ್ಲಿ ತೋರಿಸುತ್ತವೆ. ಹೊಕ್ ಅಂದರೆ ಗೂಡು, ದೊಡ್ಡಿ, ಸಣ್ಣ ಕೊಟ್ಟಿಗೆ. ಡಚ್ಚರಿಗೆ ಕೋಳಿಗೂಡು ಕಿಪ್ಪೆನ್‌ಹೊಕ್, ನಾಯಿಗೂಡು ಹೊಂಡೆನ್‌ಹೊಕ್. ಅದೇ ಪದ ಪೋಲಿ ಮಾತಿನಲ್ಲಿ ಜೈಲಿಗೂ ಆಯಿತು, ಸಾಲಕ್ಕೂ ಆಯಿತು. ಅಮೆರಿಕಕ್ಕೆ ಡಚ್ ಪದ ಹೇಗೆ ಬಂತು ಅನ್ನುವುದು ಕಷ್ಟದ ಪ್ರಶ್ನೆಯಲ್ಲ. ಇವತ್ತಿನ ನ್ಯೂಯಾರ್ಕ್ 1664ರಲ್ಲಿ ಇಂಗ್ಲಿಷರ ಕೈ ಸೇರುವ ಮೊದಲು ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತು. ನಾವು ದಿನವೂ ಬಳಸುವ ಬಾಸ್, ಕುಕ್ಕಿ ಎರಡೂ ಅಲ್ಲಿನ ಡಚ್ಚರಿಂದ ಇಂಗ್ಲಿಷಿಗೆ ಬಂದವು. ಊರು ಕೈ ಬದಲಾದ ಮಾತ್ರಕ್ಕೆ ಭಾಷೆ ಸಾಯಲಿಲ್ಲ. 1837ರಿಂದ 1841ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಮನೆಮಾತು ಡಚ್.

ಗೂಡಿಗೂ ಸಾಲಕ್ಕೂ ಏನು ಸಂಬಂಧ ಅನ್ನುವವರು ನಮ್ಮ ಹಳ್ಳಿಯ ದೊಡ್ಡಿಯನ್ನು ನೆನೆಸಿಕೊಳ್ಳಬಹುದು. ಕಂಡವರ ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಹಾಕುತ್ತಿದ್ದರು. ಯಜಮಾನ ಬಂದು ದಂಡ ಕಟ್ಟಬೇಕು, ಅಷ್ಟು ದಿನ ಹಾಕಿದ ಮೇವಿನ ಖರ್ಚು ಕೊಡಬೇಕು, ಆಮೇಲೆ ದನ ಬಿಡಿಸಿಕೊಂಡು ಹೋಗಬೇಕು. ಯಾರೂ ಬರದಿದ್ದರೆ ಹರಾಜು. 1871ರ ದನಗಳ ಅತಿಕ್ರಮಣ ಕಾಯ್ದೆ ಹೇಳುವುದು ಇದನ್ನೇ. ಬಡ್ಡಿ, ಗಡುವು, ಬಿಡಿಸುವುದು, ಹರಾಜು ಎಲ್ಲ ಅಲ್ಲೇ ಇದೆ. ದನದ ಬದಲು ಗಡಿಯಾರ ಇಟ್ಟರೆ ಅದೇ ಗಿರವಿ ಅಂಗಡಿ.

ಇನ್ನು ಈ ಪದ ಅಚ್ಚಿನಲ್ಲಿ ಕಾಣುವ ಜಾಗ ನೋಡಿ. ಜಾರ್ಜ್ ಮ್ಯಾಟ್ಸೆಲ್ ಅನ್ನುವವರು 1845ರಲ್ಲಿ ನ್ಯೂಯಾರ್ಕ್ ಪೊಲೀಸರ ಮೊದಲ ಮುಖ್ಯಸ್ಥರಾದವರು. ಆ ಕೆಲಸ ಬಿಟ್ಟ ಮೇಲೆ, 1859ರಲ್ಲಿ, ಅವರು ಕಳ್ಳರ ಭಾಷೆಗೆ ಒಂದು ನಿಘಂಟು ಮಾಡಿದರು. ಪೊಲೀಸಿನವನಿಗೆ ಬೇಕಾದ ಡಿಕ್ಷನರಿ ಅದೇ ಬಿಡಿ. ಅದರಲ್ಲಿ ಹಾಕ್ ಇದೆ, ಆದರೆ ಅಡ ಇಡುವುದು ಅನ್ನುವ ಅರ್ಥದಲ್ಲಿ ಅಲ್ಲ. ಕಳ್ಳರ ಮಾತಿನಲ್ಲಿ ‘ಇನ್ ಹಾಕ್’ ಅಂದರೆ ಜೈಲಿನಲ್ಲಿರುವುದು ಅಂತ ಅವರು ಬರೆಯುತ್ತಾರೆ. ಜೂಜುಕೋರರ ಮಾತಿನಲ್ಲಿ ಅದಕ್ಕೆ ಇನ್ನೊಂದು ಅರ್ಥ: ತನಗಿಂತ ಚಾಲಾಕಿಯ ಕೈಗೆ ಸಿಕ್ಕಿಬಿದ್ದು ಸೋಲುವುದು.

ಆ ಜೂಜಿನ ಕಥೆ ಸ್ವಾರಸ್ಯದ್ದು. 19ನೇ ಶತಮಾನದ ಅಮೆರಿಕದಲ್ಲಿ ಫ್ಯಾರೋ ಅನ್ನುವ ಇಸ್ಪೀಟಾಟಕ್ಕೆ ಹುಚ್ಚು ಹಿಡಿದಿತ್ತು. ಎಲೆಗಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಜೋಡಿಸಿ ಒಂದೊಂದಾಗಿ ಎಳೆಯುತ್ತಿದ್ದರು. ಮೊದಲ ಎಲೆಗೆ ‘ಸೋಡಾ’, ಪೆಟ್ಟಿಗೆಯಲ್ಲಿ ಕೊನೆಗೆ ಉಳಿಯುವ ಎಲೆಗೆ ‘ಹಾಕ್’. ಹಾಗಾಗಿ ಡಚ್ ಬೇಡ, ಇಸ್ಪೀಟೇ ಸಾಕು ಅನ್ನುವವರೂ ಇದ್ದಾರೆ. ನನಗೆ ಎರಡನ್ನೂ ಬಡಿದಾಡಿಸುವ ಆಸೆ ಇಲ್ಲ. ಪೆಟ್ಟಿಗೆಯ ತಳದಲ್ಲಿ ಸಿಕ್ಕಿಕೊಂಡ ಎಲೆ, ಗೂಡಿನಲ್ಲಿ ಸಿಕ್ಕಿಕೊಂಡ ಕೋಳಿ, ಕಂಬಿ ಹಿಂದೆ ಸಿಕ್ಕಿಕೊಂಡ ಕಳ್ಳ: ಎಲ್ಲಿಂದ ಬಂದರೂ ಪದ ಹೊತ್ತು ತಂದದ್ದು ‘ಸಿಕ್ಕಿಕೊಂಡದ್ದು’ ಅನ್ನುವ ಅರ್ಥವನ್ನೇ. ಅಡ ಇಡುವುದು ಅನ್ನುವ ಕ್ರಿಯಾಪದವಾಗಿ ಅದು 1870ರ ದಶಕದ ಕೊನೆಯ ಹೊತ್ತಿಗೆ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ಮೊದಲು ಮನುಷ್ಯ ಒಳಗೆ ಹೋದ, ಆಮೇಲೆ ಅವನ ಗಡಿಯಾರ ಒಳಗೆ ಹೋಯಿತು.

ಈ ಕ್ರಮ ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಆ ಕಾಲಕ್ಕೆ ಸಾಲವೂ ಜೈಲೂ ಅಕ್ಕಪಕ್ಕದ ಮನೆಗಳು. ಸಾಲ ತೀರಿಸದವನನ್ನು ಜೈಲಿಗೆ ಹಾಕುವುದನ್ನು ನ್ಯೂಯಾರ್ಕ್ ರಾಜ್ಯ 1831ರಲ್ಲಿ ಹೆಚ್ಚುಕಡಿಮೆ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ಆ ಪದ್ಧತಿಗೆ ಬಹುಮಟ್ಟಿಗೆ ಕೊನೆ ಬಿದ್ದದ್ದು 1869ರ ಕಾಯ್ದೆಯಿಂದ. ಅದಕ್ಕೂ ಮುಂಚಿನ ಒಂದು ಮನೆಯನ್ನು ಹತ್ತಿರದಿಂದ ನೋಡಬಹುದು. 1824, ಲಂಡನ್. ಜಾನ್ ಡಿಕನ್ಸ್ ಅನ್ನುವ ಗುಮಾಸ್ತ ಬೇಕರಿಯವನಿಗೆ ಕೊಡಬೇಕಿದ್ದ ಸುಮಾರು 40 ಪೌಂಡ್ ಕೊಡಲಾಗದೆ ಮಾರ್ಷಲ್‌ಸೀ ಜೈಲು ಸೇರಿದ. ಮನೆಯ ಪುಸ್ತಕ, ಪಾತ್ರೆ ಪಡಗ ಒಂದೊಂದಾಗಿ ಅಡದಂಗಡಿ ಸೇರಿದವು. ಅವನ್ನು ಹೊತ್ತುಕೊಂಡು ಹೋಗುತ್ತಿದ್ದವನು 12 ವರ್ಷದ ಮಗ. ಆ ಮಗ ಅದೇ ಹೊತ್ತಿಗೆ ಬೂಟ್ ಪಾಲಿಶ್ ಕಾರ್ಖಾನೆಯ ಕೆಲಸಕ್ಕೆ ಸೇರಿದ, ಮುಂದೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆದ. ಪುಸ್ತಕಗಳು ಮೊದಲು ಹೋದವು, ಅವು ಸಾಲದಾದಾಗ ಅಪ್ಪ ಹೋದ. ಅಡದಂಗಡಿಯೂ ಜೈಲೂ ಒಂದೇ ಮನೆಯಿಂದ ಗಿರಾಕಿ ಪಡೆದವು.

ಇಲ್ಲಿಗೆ ನನ್ನ ಮಾತು ಹೇಳಿಬಿಡುತ್ತೇನೆ. ಅಡ ಇಡುವುದು ಅಂದರೆ ಮನುಷ್ಯನ ಬದಲು ವಸ್ತುವನ್ನು ಜೈಲಿಗೆ ಕಳಿಸುವುದು. ಈ ವ್ಯವಹಾರದ ಒಳ್ಳೆಯದೂ ಅದೇ, ನಾಚಿಕೆಯೂ ಅದೇ. ಪೋಲಿ ಪದಗಳು ಇದನ್ನು ಮರೆತಿಲ್ಲ. ಮರೆಸಲು ನೋಡುವುದು ಸಭ್ಯ ಪದಗಳು.

ಕನ್ನಡದ ಕಡೆ ತಿರುಗಿದರೆ ಪುರಾವೆ ಕಾಲಿಗೇ ತೊಡರುತ್ತದೆ. ಒತ್ತೆ ಅಂದರೆ ಅಡ. ಒತ್ತೆಯಾಳು ಅಂದರೆ ಹಿಡಿದಿಟ್ಟುಕೊಂಡ ಮನುಷ್ಯ. ವಿಮಾನ ಅಪಹರಣದ ಸುದ್ದಿಯಲ್ಲಿ ಓದುವ ಪದಕ್ಕೂ ಅಮ್ಮನ ಬಳೆಗೂ ಬೇರು ಒಂದೇ. ಗಿರವಿ ಫಾರ್ಸಿಯಿಂದ ಬಂದದ್ದು. ಅಲ್ಲಿ ಗಿರೋ ಅಂದರೆ ಅಡ, ಗಿರೋಗಾನ್ ಅಂದರೆ ಒತ್ತೆಯಾಳು. ಡಚ್ಚರನ್ನು ಕೇಳಿ ಕನ್ನಡದವರು ಪದ ಮಾಡಲಿಲ್ಲ, ಕನ್ನಡದವರನ್ನು ಕೇಳಿ ಫಾರ್ಸಿಯವರು ಮಾಡಲಿಲ್ಲ. ಮೂರು ಊರಿನಲ್ಲಿ ಮೂರು ಜನ ಬೇರೆ ಬೇರೆ ನೋಡಿ ಒಂದೇ ಹೋಲಿಕೆಗೆ ಬಂದಿದ್ದಾರೆ. ಅಡ, ಅಡವು ಅಚ್ಚ ದ್ರಾವಿಡ. ತಮಿಳಿನವರೂ ‘ಅಡಗು’ ಅನ್ನುತ್ತಾರೆ.

ಕ್ರಿಯಾಪದ ಇನ್ನೂ ಚೆನ್ನಾಗಿದೆ. ಅಡ ಇಟ್ಟದ್ದನ್ನು ನಾವು ವಾಪಸ್ ತರುವುದಿಲ್ಲ, ‘ಬಿಡಿಸಿಕೊಂಡು’ ಬರುತ್ತೇವೆ. ಠಾಣೆಯಿಂದ ತಮ್ಮನನ್ನು ಬಿಡಿಸಿಕೊಂಡು ಬರುವುದಕ್ಕೂ ಬ್ಯಾಂಕಿನಿಂದ ಸರ ಬಿಡಿಸಿಕೊಂಡು ಬರುವುದಕ್ಕೂ ಒಂದೇ ಮಾತು. ಇಂಗ್ಲಿಷರ ‘ರಿಡೀಮ್’ ಕೂಡ ಹಾಗೇ. ಲ್ಯಾಟಿನ್ ಮೂಲದಲ್ಲಿ ಅದು ದುಡ್ಡು ಕೊಟ್ಟು ಮರಳಿ ಪಡೆಯುವುದು. ಸೆರೆಯಾಳನ್ನು ಬಿಡಿಸುವುದಕ್ಕೂ ಆ ಪದವೇ ಬಂತು. ಚರ್ಚಿನಲ್ಲಿ ಯೇಸುವನ್ನು ರಿಡೀಮರ್ ಅನ್ನುವಾಗಲೂ ಒಳಗಿರುವುದು ಅದೇ ಲೆಕ್ಕಾಚಾರ.

ಮನುಷ್ಯರನ್ನೇ ನಿಜವಾಗಿ ಒತ್ತೆ ಇಟ್ಟ ಕಥೆಗೆ ನಾವು ದೂರ ಹೋಗಬೇಕಿಲ್ಲ. ಶಾಲೆಯ ಪಾಠದಲ್ಲೇ ಇತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದ. ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಅಷ್ಟು ದುಡ್ಡು ಒಟ್ಟಿಗೆ ಕೈಯಲ್ಲಿರಲಿಲ್ಲ. ಸ್ವಲ್ಪ ಈಗ, ಮಿಕ್ಕದ್ದು ಕಂತಿನಲ್ಲಿ. ಕಂತಿಗೆ ಭದ್ರತೆಯಾಗಿ ಹೋದವರು ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ದೊಡ್ಡವನಿಗೆ ಹತ್ತರ ಆಸುಪಾಸು, ಚಿಕ್ಕವನಿಗೆ ಎಂಟರ ಆಸುಪಾಸು. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆ ಮಕ್ಕಳ ಕೈ ಹಿಡಿದುಕೊಂಡು ಬರಮಾಡಿಕೊಳ್ಳುವ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ದೊಡ್ಡ ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದರು. ಚಿತ್ರದಲ್ಲಿ ಅದು ದಯೆ. ಲೆಕ್ಕದ ಪುಸ್ತಕದಲ್ಲಿ ಅದು ಗಿರವಿ. 1794ರಲ್ಲಿ ಮಕ್ಕಳು ವಾಪಸ್ ಬಂದರು. ನಾವು ಪರೀಕ್ಷೆಯಲ್ಲಿ ‘ಟಿಪ್ಪು ಮಕ್ಕಳನ್ನು ಒತ್ತೆ ಇಟ್ಟನು’ ಅಂತ ಬರೆದು ಎರಡು ಅಂಕ ತೆಗೆದುಕೊಂಡೆವು. ಒತ್ತೆ ಅನ್ನುವ ಪದದ ಬಗ್ಗೆ ಯಾರೂ ಯೋಚಿಸಲಿಲ್ಲ.

ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಇದು ಇನ್ನೂ ಘೋರವಾಗಿತ್ತು. 18ನೇ ಶತಮಾನದ ಗುಲಾಮ ವ್ಯಾಪಾರದಲ್ಲಿ ಹಡಗಿನವರು ಮಾಲನ್ನು ಉದ್ದರಿ ಕೊಡುತ್ತಿದ್ದರು. ಅಲ್ಲಿನ ವ್ಯಾಪಾರಿಗಳು ಭದ್ರತೆಗೆ ತಮ್ಮ ಮನೆಯವರನ್ನೇ ಹಡಗಿನಲ್ಲಿ ಬಿಡುವುದಿತ್ತು. ಗಡುವಿನೊಳಗೆ ಸಾಲ ತೀರದಿದ್ದರೆ ಹಡಗು ಅವರನ್ನೂ ಹೊತ್ತುಕೊಂಡು ಹೊರಟುಬಿಡುತ್ತಿತ್ತು. ಇಂಗ್ಲಿಷ್ ದಾಖಲೆಗಳಲ್ಲಿ ಆ ಜನರಿಗೆ ಇರುವ ಪದ ‘ಪಾನ್’. ಬಂಗಾರ ಅಡ ಇಡುವುದಕ್ಕೆ ಬಳಸುವ ಅದೇ ಪದ. ಚದುರಂಗದ ಕಾಲಾಳನ್ನೂ ಇಂಗ್ಲಿಷಿನಲ್ಲಿ ಪಾನ್ ಅನ್ನುತ್ತಾರೆ, ಆದರೆ ಅದರ ಬೇರು ಬೇರೆ. ಅದು ಲ್ಯಾಟಿನ್ನಿನ ಕಾಲ್ನಡಿಗೆಯ ಸಿಪಾಯಿಯಿಂದ ಬಂತು. ಅಡದ ಪಾನ್ ಹಳೆಯ ಫ್ರೆಂಚಿನಿಂದ. ಜರ್ಮನ್ನರ ‘ಫಾಂಡ್’, ಡಚ್ಚರ ‘ಪಾಂಡ್’ ಅದರ ದಾಯಾದಿಗಳು.

ನಾಚಿಕೆಯ ವಿಷಯಕ್ಕೆ ಬಂದರೆ ಎಲ್ಲ ಊರಿನವರೂ ಒಂದೇ ಉಪಾಯ ಹುಡುಕಿದ್ದಾರೆ, ನೆಂಟರ ಮನೆ. ಇಂಗ್ಲಿಷಿನಲ್ಲಿ ಅಡದಂಗಡಿಯವನಿಗೆ ‘ಅಂಕಲ್’ ಅನ್ನುತ್ತಿದ್ದರು. ಗಡಿಯಾರ ಎಲ್ಲಿ ಅಂದರೆ ಅಂಕಲ್ ಹತ್ತಿರ ಇದೆ. ಫ್ರೆಂಚರಿಗೆ ಅದು ಸೋದರತ್ತೆ ಮನೆ. ರಾಜ ಲೂಯಿ ಫಿಲಿಪ್‌ನ ಮಗನೊಬ್ಬ ಜೂಜಿನ ಸಾಲಕ್ಕೆ ಗಡಿಯಾರ ಅಡ ಇಟ್ಟು, ಅಮ್ಮ ಕೇಳಿದಾಗ “ಅತ್ತೆ ಮನೇಲಿ ಮರೆತು ಬಂದೆ” ಅಂದನಂತೆ. ಕಥೆ ನಿಜವೋ ಕಟ್ಟಿದ್ದೋ, ಮಾತಂತೂ ನಿಂತುಬಿಟ್ಟಿತು. ಲಂಡನ್ನಿನ ಕೂಲಿ ಜನರ ಪದ ‘ಪಾಪ್’. ಭಾನುವಾರದ ಕೋಟು ಸೋಮವಾರ ಅಡಕ್ಕೆ, ಶನಿವಾರ ಸಂಬಳ ಬಂದಾಗ ಬಿಡಿಸಿ ಮತ್ತೆ ಮೈಮೇಲೆ. ವಾರ ವಾರ ಇದೇ ಸುತ್ತು. ಇಟ್ಟ ಗಂಟು ಮೇಲಿನ ಮಾಳಿಗೆಗೆ ಹೋಗುವ ಕೊಳವೆಯಂಥ ದಾರಿಗೆ ‘ಸ್ಪೌಟ್’ ಅನ್ನುತ್ತಿದ್ದರು. ಇವತ್ತಿಗೂ ಇಂಗ್ಲೆಂಡಿನಲ್ಲಿ ಏನಾದರೂ ಹಾಳಾಗಿ ಹೋದರೆ ‘ಸ್ಪೌಟ್ ಹತ್ತಿತು’ ಅನ್ನುವುದು ಅಲ್ಲಿಂದ ಉಳಿದದ್ದು.

ನಮ್ಮ ಉಪಾಯ ಇನ್ನೂ ಮಿತವ್ಯಯದ್ದು. ಸುಮ್ನೆ ‘ಇಟ್ಟಿದೀವಿ’ ಅಂದರೆ ಮುಗಿಯಿತು. “ಸರ ಬ್ಯಾಂಕಲ್ಲಿ ಇಟ್ಟಿದೀವಿ.” ಲಾಕರಿನಲ್ಲಿ ಇಟ್ಟದ್ದೋ ಸಾಲಕ್ಕೆ ಇಟ್ಟದ್ದೋ ಅನ್ನುವುದನ್ನು ಹೇಳುವವರ ಮುಖ ನೋಡಿ ತಿಳಿಯಬೇಕು. ಮದುವೆ ಮನೆಯಲ್ಲಿ ಬರೀ ಕರಿಮಣಿಯಲ್ಲಿ ಕಂಡ ಹೆಂಗಸನ್ನು “ಸರ ಎಲ್ಲಿ ಅಕ್ಕಾ?” ಅಂತ ಕೇಳಿದರೆ “ಪಾಲಿಶ್‌ಗೆ ಕೊಟ್ಟಿದೀನಿ ಕಣೇ” ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಕೇಳಿದವಳಿಗೂ ಗೊತ್ತು, ಹೇಳಿದವಳಿಗೂ ಗೊತ್ತು. ಇಬ್ಬರೂ ಊಟದ ಪಂಕ್ತಿ ಕಡೆ ನೋಡುತ್ತಾರೆ. ಇಲ್ಲೊಂದು ವಿಚಿತ್ರ: ಇಂಗ್ಲಿಷಿನ ‘ವೆಡ್ಡಿಂಗ್’ ಪದದ ಬೇರಿನಲ್ಲೂ ಒತ್ತೆ ಇದೆ. ಹಳೆಯ ಇಂಗ್ಲಿಷಿನ ‘ವೆಡ್’ ಅಂದರೆ ಭದ್ರತೆಗೆ ಕೊಟ್ಟದ್ದು.

ಈಗ ಈ ನಾಚಿಕೆಯನ್ನೇ ಅಳಿಸಿ ಹಾಕುವ ಕೆಲಸ ನಡೆದಿದೆ. ನಮ್ಮ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್ ಸ್ಟ್ಯಾಂಡ್ ಎದುರು ಎರಡು ಮೂರು ಗೋಲ್ಡ್ ಲೋನ್ ಬೋರ್ಡು. ಹಳೆಯ ಗಿರವಿ ಅಂಗಡಿಗೆ ಹಿಂದಿನ ಬಾಗಿಲು ಹುಡುಕುತ್ತಿದ್ದೆವು, ಇಲ್ಲಿ ಗಾಜಿನ ಬಾಗಿಲು, ಎಸಿ, ನಗುವ ಪೋಸ್ಟರ್. ಅಡವು ಅನ್ನುವ ಪದ ಬೋರ್ಡಿನ ಮೇಲೆ ಎಲ್ಲೂ ಇಲ್ಲ. ಇಂಗ್ಲಿಷ್ ಜಾಹೀರಾತುಗಳು ‘ನಿಮ್ಮ ಬಂಗಾರದ ಬೆಲೆಯನ್ನು ಅನ್‌ಲಾಕ್ ಮಾಡಿ’ ಅನ್ನುತ್ತವೆ. ನನಗೆ ನಗು ಬರುವುದು ಇಲ್ಲೇ. ನಿಮ್ಮ ಸರವನ್ನು ಸ್ಟ್ರಾಂಗ್ ರೂಮಿಗೆ ಹಾಕಿ ಬೀಗ ಜಡಿಯುವ ಕೆಲಸಕ್ಕೆ ಅನ್‌ಲಾಕ್ ಅಂತ ಹೆಸರು! ಹಾಕ್ ಅನ್ನುವ ಕಳ್ಳರ ಪದ ಇದಕ್ಕಿಂತ ಸತ್ಯವಂತ.

ಹೆಸರು ಬದಲಾದರೆ ಏನು ಹೋಗುತ್ತದೆ ಅಂತ ಕೇಳಬಹುದು. ಷರತ್ತು ನೋಡೋಣ. ಅಮೆರಿಕದ ಹಾಕ್ ಶಾಪಿನ ಬಡ್ಡಿ ಭಯಂಕರ. ನ್ಯೂಯಾರ್ಕ್ ರಾಜ್ಯದಲ್ಲಿ ತಿಂಗಳಿಗೆ 4 ಶೇಕಡಾವರೆಗೆ, ಟೆಕ್ಸಾಸಿನಲ್ಲಿ ಚಿಕ್ಕ ಸಾಲಕ್ಕೆ ತಿಂಗಳಿಗೆ 20 ಶೇಕಡಾವರೆಗೆ ಹಾಕಬಹುದು. ಆದರೆ ಅಲ್ಲಿ ಒಂದು ನೆಮ್ಮದಿ ಇದೆ. ಗಡುವು ಮುಗಿಯಿತು, ಬಿಡಿಸಲು ಆಗಲಿಲ್ಲ ಅನ್ನಿ. ಇಟ್ಟ ಗಿಟಾರ್ ಅಂಗಡಿಯವನದ್ದಾಯಿತು, ಸಾಲ ಅಲ್ಲಿಗೆ ಮುಗಿಯಿತು. ಯಾರೂ ಫೋನ್ ಮಾಡುವುದಿಲ್ಲ, ಮನೆ ಬಾಗಿಲಿಗೆ ಬರುವುದಿಲ್ಲ. ವಸ್ತು ಒಳಗೆ ಹೋಯಿತು, ಮನುಷ್ಯ ಹೊರಗೆ ಉಳಿದ. ಒಪ್ಪಂದ ಪೂರ್ತಿ ಆಯಿತು.

ನಮ್ಮಲ್ಲಿ ಹಾಗಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 176ನೇ ಕಲಂ ಪ್ರಕಾರ, ಅಡ ಇಟ್ಟುಕೊಂಡವನು ನೋಟಿಸ್ ಕೊಟ್ಟು ವಸ್ತುವನ್ನು ಮಾರಬಹುದು. ಮಾರಿ ಬಂದ ದುಡ್ಡು ಸಾಲಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದನ್ನು ಇಟ್ಟವನಿಗೆ ಕೊಡಬೇಕು. ಕಡಿಮೆ ಬಿದ್ದರೆ? ಇಟ್ಟವನು ಮಿಕ್ಕದ್ದನ್ನು ಇನ್ನೂ ಕೊಡಬೇಕು. ಬಳೆಯೂ ಹೋಯಿತು, ಸಾಲವೂ ಉಳಿಯಿತು. ತಮಾಷೆ ಏನೆಂದರೆ, ಅದೇ 1872ರಲ್ಲಿ ಬ್ರಿಟಿಷರು ತಮ್ಮ ಊರಿಗೆ ಇನ್ನೊಂದು ಕಾನೂನು ಮಾಡಿಕೊಂಡರು. ಅದರಲ್ಲಿ ಬಡ್ಡಿಗೆ ಮಿತಿ ಹಾಕಿದರು. 2 ಶಿಲಿಂಗ್ ಸಾಲಕ್ಕೆ ತಿಂಗಳಿಗೆ ಅರ್ಧ ಪೆನ್ನಿ, ಅಂದರೆ ವರ್ಷಕ್ಕೆ ಸುಮಾರು 25 ಶೇಕಡಾ. ಬಿಡಿಸಿಕೊಳ್ಳಲು 12 ತಿಂಗಳು, ಮೇಲೆ 7 ದಿನ ರಿಯಾಯಿತಿ. 10 ಶಿಲಿಂಗ್ ಒಳಗಿನ ಅಡ ಬಿಡಿಸದಿದ್ದರೆ ವಸ್ತು ಪೂರ್ತಿಯಾಗಿ ಅಂಗಡಿಯವನದ್ದು. ಹರಾಜೂ ಬೇಡ, ಲೆಕ್ಕವೂ ಬೇಡ. ಒಂದೇ ವರ್ಷ, ಒಂದೇ ಸಾಮ್ರಾಜ್ಯ, ಎರಡು ತಕ್ಕಡಿ.

ಇವತ್ತಿನ ನಿಯಮಗಳನ್ನು ಸುಮ್ನೆ ಬೈಯುವ ಹಾಗೂ ಇಲ್ಲ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಬಂಗಾರ ಬೆಳ್ಳಿ ಅಡದ ಸಾಲಕ್ಕೆ ಹೊಸ ನಿರ್ದೇಶನ ಹೊರಡಿಸಿತು. ಜಾರಿಗೆ ತರಲು ಕೊನೆಯ ಗಡುವು 2026ರ ಏಪ್ರಿಲ್ 1. ಮನೆ ಖರ್ಚಿಗೆ ತೆಗೆದುಕೊಳ್ಳುವ ಸಾಲ 2.5 ಲಕ್ಷದ ಒಳಗಿದ್ದರೆ ಬಂಗಾರದ ಬೆಲೆಯ 85 ಶೇಕಡಾವರೆಗೆ ಕೊಡಬಹುದು. 5 ಲಕ್ಷದವರೆಗೆ 80, ಅದರ ಮೇಲೆ 75. ಕಲ್ಲು, ಮಜೂರಿ ಲೆಕ್ಕಕ್ಕಿಲ್ಲ, ಲೋಹದ ಬೆಲೆ ಮಾತ್ರ. ಸಾಲ ಪೂರ್ತಿ ತೀರಿದ ಮೇಲೆ ಒಡವೆಯನ್ನು ಅದೇ ದಿನ, ತಪ್ಪಿದರೆ 7 ಕೆಲಸದ ದಿನದೊಳಗೆ ಕೊಡಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಈ 85 ಶೇಕಡಾ ನೋಡಿ ಜನ ಖುಷಿಪಟ್ಟರು. ಅದರಲ್ಲೊಂದು ಚಿಕ್ಕ ಕೊಕ್ಕೆ ಇದೆ. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ, ಆ ಮಿತಿಯೊಳಗೆ ಬಡ್ಡಿಯೂ ಸೇರಿರಬೇಕು. ಲಕ್ಷ ರೂಪಾಯಿ ಬೆಲೆಯ ಸರ ಇಟ್ಟಿರಿ ಅನ್ನೋಣ. ಬಡ್ಡಿ ವರ್ಷಕ್ಕೆ 12 ಶೇಕಡಾ ಅಂದುಕೊಂಡರೆ, ಕೊನೆಗೆ ಕಟ್ಟುವ ಮೊತ್ತ 85,000 ದಾಟುವ ಹಾಗಿಲ್ಲ. ಅಂದರೆ ಕೈಗೆ ಬರುವುದು ಸುಮಾರು 75,900. ಇದು ಸಾಲಗಾರನ ಒಳ್ಳೆಯದಕ್ಕೇ. ಮಿತಿ ಮೀರಿ ಕೊಟ್ಟರೆ ಬಂಗಾರದ ಬೆಲೆ ಬಿದ್ದಾಗ 176ನೇ ಕಲಂ ಕೆಲಸ ಶುರು ಮಾಡುತ್ತದೆ. ಬೆಲೆ ಏರುತ್ತಿರುವಾಗ ಅದರ ನೆನಪು ಯಾರಿಗೂ ಇರುವುದಿಲ್ಲ. 2025ರಲ್ಲಿ ಬಂಗಾರ 10 ಗ್ರಾಂಗೆ ಲಕ್ಷ ರೂಪಾಯಿ ದಾಟಿತು. ಹಿಂದಿನ ವರ್ಷ ಇಟ್ಟ ಅದೇ ಬಳೆಗೆ ಆ ವರ್ಷ ಜಾಸ್ತಿ ಸಾಲ. ಬಿಡಿಸುವ ಮಾತೇ ಇಲ್ಲ, ಬಡ್ಡಿ ಕಟ್ಟಿ ‘ತಿರುಗಿಸಿ ಇಡುವುದು’ ಇದೆ. ಕೌಂಟರಿನವರ ಭಾಷೆಯಲ್ಲಿ ರಿನ್ಯೂವಲ್. ಡಚ್ಚರ ಭಾಷೆಯಲ್ಲಿ ಹೇಳುವುದಾದರೆ, ಗೂಡಿನ ಬಾಗಿಲು ತೆರೆದು, ಕೋಳಿ ಎಣಿಸಿ, ಮತ್ತೆ ಮುಚ್ಚುವುದು.

ಇಂಗ್ಲಿಷ್ ಪತ್ರಿಕೆಗಳಲ್ಲಿ ಹಾಕ್ ರಾಜಕೀಯದ ಪುಟದಲ್ಲೂ ಕಾಣುತ್ತದೆ. ಯಾರದೋ ದೇಣಿಗೆ ಪಡೆದ ನಾಯಕ ಅವರಿಗೆ ‘ಇನ್ ಹಾಕ್’ ಅಂತ ಬರೆಯುತ್ತಾರೆ. ಅನುವಾದಿಸುವಾಗ ‘ಸಾಲಗಾರನಾಗಿದ್ದಾನೆ’ ಅಂತ ಹಾಕಿಬಿಟ್ಟರೆ ಅರ್ಥ ಕೆಡುತ್ತದೆ. ‘ಅವರ ಹಂಗಿಗೆ ಬಿದ್ದಿದ್ದಾನೆ’ ಅಂದರೆ ಸರಿಹೋಗುತ್ತದೆ. ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ಇಂಗ್ಲಿಷಿನಲ್ಲಿ ನಾಯಕ ತಾನೇ ಗೂಡಿನೊಳಗೆ ಹೋಗುತ್ತಾನೆ. ನಮ್ಮ ವೇದಿಕೆಯ ಭಾಷಣದಲ್ಲಿ ಅವನು ಹೊರಗೇ ಇರುತ್ತಾನೆ. ‘ರಾಜ್ಯದ ಹಿತ ಅಡವಿಟ್ಟರು’, ‘ನಾಡಿನ ಮಾನ ಅಡವಿಟ್ಟರು’ ಅನ್ನುತ್ತೇವೆ. ಇಟ್ಟವನೊಬ್ಬ, ಒಳಗೆ ಹೋದದ್ದು ನಮ್ಮ ವಸ್ತು. ಅಡ ಇಡುವುದರ ಅಸಲು ವ್ಯಾಖ್ಯೆ ಅದೇ ತಾನೆ? ನಮ್ಮ ಮನೆಯಲ್ಲೂ ಇಟ್ಟವರು ಅಪ್ಪ, ಬಳೆ ಅಮ್ಮನದು.

ಆ ಬಳೆ ವಾಪಸ್ ಬಂದ ದಿನ ಚೆನ್ನಾಗಿ ನೆನಪಿದೆ. ಅಡಿಕೆ ದುಡ್ಡು ಬಂದಿತ್ತು, ಸಂಕ್ರಾಂತಿಗೆ ಇನ್ನು ಎರಡು ದಿನ. ಅಪ್ಪ ಅಂಗಿಯ ಒಳಜೇಬಿನಿಂದ ಪುಟ್ಟ ಬಟ್ಟೆ ಚೀಲ ತೆಗೆದು ಅಮ್ಮನ ಕೈಗೆ ಕೊಟ್ಟರು. ಮಾತೇನೂ ಆಡಲಿಲ್ಲ. ಎರಡು ಬಳೆಯನ್ನೂ ಸೇರಿಸಿ ದಪ್ಪ ದಾರದಲ್ಲಿ ಕಟ್ಟಿ, ಒಂದು ರಟ್ಟಿನ ತುಂಡು ನೇತುಹಾಕಿದ್ದರು. ಅದರ ಮೇಲೆ ನೀಲಿ ಶಾಯಿಯಲ್ಲಿ 412. ಅಮ್ಮ ಹಲ್ಲಿನಿಂದ ದಾರ ಕಡಿದು, ಬಳೆಗಳನ್ನು ಹಿತ್ತಲ ನಲ್ಲಿ ಕೆಳಗೆ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದರು. ರಟ್ಟಿನ ತುಂಡನ್ನು ಒಲೆಗೆ ಹಾಕಿದರು. ನಾನು ಕೇಳಿದೆ, “ಅಮ್ಮ, ಕಾಡಲ್ಲಿ ಬಳೆಗೂ ನಂಬರ್ ಕೊಡ್ತಾರಾ?”